ಮಳೆಗಾಲದಲ್ಲಿ ಪುಟ್ಟ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುವವರಿಗೆ
ಗೆಳೆಯರೇ, ಕಾರವಾರದ ಬಳಿಯ ಸದಾಶಿವಗಡದ ಮೇಲೆ ಮೋಡ ಕವಿದ ದಿನ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಸಿಂಪಡಿಸುವ ತಳಪದರ, ಮುಟ್ಟಲೇಬೇಡಿ. ತೇವಕ್ಕೆ ಮೇಲ್ಮೈ ಬಿಳಿಚಿಕೊಂಡು ತರಿತರಿಯಾಗುತ್ತದೆ. 1815ರ ವಾಟರ್‌ಲೂ ಕದನದ ಬ್ರಿಟಿಷ್ ಕಾಲಾಳುಗಳ ಆರು ಗೊಂಬೆಗಳನ್ನು ಹಾಗೆಯೇ ಕೆಡಿಸಿಕೊಂಡೆ; ಇನ್ನೂ ಹೊಟ್ಟೆ ಉರಿಯುತ್ತದೆ.

ಈಗ ಕಪ್ಪು ಅಕ್ರಿಲಿಕ್ ಪ್ರೈಮರನ್ನು ಕುಂಚದಿಂದಲೇ ಹಚ್ಚಿ, ಒಂದು ರಾತ್ರಿ ಒಣಗಿಸುತ್ತೇನೆ. ಆಮೇಲೆ ಬಿಳಿ ಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಚೆನ್ನಾಗಿ ಒರೆಸಿ, ಉಳಿದಷ್ಟನ್ನೇ ಮೇಲಿನಿಂದ ಕೆಳಕ್ಕೆ ಹಗುರವಾಗಿ ಸವರುತ್ತೇನೆ. ಟೋಪಿ, ಭುಜ, ತೋಳಿನ ಮಡಿಕೆಗಳು ಬೆಳಗುತ್ತವೆ, ತಗ್ಗುಗಳಲ್ಲಿ ಕಪ್ಪು ಉಳಿಯುತ್ತದೆ. ಅದರ ಮೇಲೆ ತೆಳುವಾಗಿಸಿದ ಕೆಂಪನ್ನು ಎರಡು ಮೂರು ಪದರ ಕೊಟ್ಟರೆ ಕೋಟಿನ ನೆರಳು ತಾನಾಗಿಯೇ ಮೂಡುತ್ತದೆ. ಎಷ್ಟು ಚೆಂದವೆಂದರೆ, ನೋಡಿಯೇ ತಿಳಿಯಬೇಕು! ಪದರಗಳ ನಡುವೆ ಅವಸರ ಬೇಡ, ಕಡಲ ಗಾಳಿಯಲ್ಲಿ ಅಕ್ರಿಲಿಕ್ ನಿಧಾನವಾಗಿ ಒಣಗುತ್ತದೆ. ಎದೆಯ ಬಿಳಿ ಅಡ್ಡಪಟ್ಟಿಗಳು ಕೊನೆಗಿರಲಿ. ಮೊದಲ ಪ್ರಯೋಗಕ್ಕೆ ಮುರಿದ ಗೊಂಬೆಯೊಂದು ಸಾಕು.