ಹಳೇ ಚಿಕ್ಕ ಟ್ರ್ಯಾಕ್ಟರ್‌ಗೆ ಹಿಂದೆ ಲಿಫ್ಟ್ ಕೂಡಿಸುವವರಿಗೆ

ತೊಗರಿ ಸಾಲಿನಲ್ಲಿ ಕುಂಟೆ ಹೊಡೆಯಲು ಹಳೇ ಚಿಕ್ಕ ಟ್ರ್ಯಾಕ್ಟರ್ ಸಜ್ಜು ಮಾಡುತ್ತಿರುವ ಕಲಬುರಗಿ ಕಡೆಯವರೆಲ್ಲ, ಲಿಫ್ಟ್‌ಗಿಂತ (ಸಲಕರಣೆ ಎತ್ತಿ ಇಳಿಸುವ ಜೋಡಣೆ) ಮೊದಲು ಎಳೆಯುವ ಜಾಗ ನೋಡಿ. ಕುಂಟೆ ಎಳೆಯುವ ಕೆಳಗಿನ ಎರಡು ತೋಳುಗಳನ್ನು ಟ್ರ್ಯಾಕ್ಟರ್‌ಗೆ ಸೇರಿಸುವ ಪಿನ್ ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಮೇಲಿದ್ದರೆ, ನಮ್ಮ ಎರೆ ಮಣ್ಣಿನಲ್ಲಿ ಕುಂಟೆ ಕಚ್ಚಿಕೊಂಡಾಗ ಮುಂದಿನ ಗಾಲಿಗಳು ಮೇಲೇಳಬಹುದು. ಗಾಡಿ ಹಿಂದಕ್ಕೆ ಮಗುಚಿದರೆ ಜೀವಕ್ಕೇ ಅಪಾಯ ಅಲ್ವಾ?

ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಬೀಡು ಕಬ್ಬಿಣದ್ದಾಗಿದ್ದರೆ ಅದಕ್ಕೆ ನೇರ ವೆಲ್ಡಿಂಗ್ ಬೇಡವೇ ಬೇಡ, ಬಿರುಕು ಬಿಡುತ್ತದೆ. ದಪ್ಪ ಪ್ಲೇಟ್ ಕೊರೆಸಿ, ಯು ಬೋಲ್ಟ್ ಹಾಕಿ ಬಿಗಿಸಿ. ಕೆಟಗರಿ 1 (ಚಿಕ್ಕ ಟ್ರ್ಯಾಕ್ಟರ್‌ಗಳ ಜೋಡಣೆ ಅಳತೆ) ಸಲಕರಣೆಗೆ ಕೆಳತೋಳಿನ ಪಿನ್ 22 ಮಿಮೀ, ಮೇಲಿನ ತೋಳಿನದು 19 ಮಿಮೀ. ಪಿನ್ ಹೊಂದಿತು ಅಂತ ಸುಮ್ನೆ ದೊಡ್ಡ ಟ್ರ್ಯಾಕ್ಟರ್‌ನ ಭಾರದ ಸಲಕರಣೆ ಕಟ್ಟಬೇಡಿ.

ಹೈಡ್ರಾಲಿಕ್ ಪಂಪ್ ಇಲ್ಲದ ಗಾಡಿಗೆ 12 ವೋಲ್ಟ್ ಆಕ್ಚುಯೇಟರ್ (ಮೋಟರ್‌ನಿಂದ ರಾಡ್ ಹೊರಗೆ ಒಳಗೆ ಸರಿಸುವ ಸಾಧನ) ಒಳ್ಳೆಯದು. ಆದರೆ ಎತ್ತುವ ತೋಳಿನಿಂದ ಕೆಳತೋಳಿಗೆ ಗಟ್ಟಿ ಸರಳು ಬೇಡ, ಸರಪಳಿ ಹಾಕಿ. ಕುಂಟೆ ಕಲ್ಲಿಗೆ ತಾಗಿದಾಗ ಸರಪಳಿ ಸಡಿಲಾಗಿ ಕುಂಟೆ ತಾನೇ ಮೇಲೇಳುತ್ತದೆ. ಸರಳಾದರೆ ಆ ಪೆಟ್ಟೆಲ್ಲ ಆಕ್ಚುಯೇಟರ್ ರಾಡಿಗೇ ಬೀಳುತ್ತದೆ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಕುಂಟೆ ಎತ್ತಿದಾಗ ಸ್ಟೇರಿಂಗ್ ಜಾಸ್ತಿ ಹಗುರ ಅನ್ನಿಸಿದರೆ ಮುಂದೆ ತೂಕ ಕಟ್ಟಿ.