ಹೋಂಸ್ಟೇಗೆ ವೆಬ್‌ಸೈಟ್: ದುಡ್ಡು ಕೊಡುವ ಮೊದಲು ಇಷ್ಟು ತಿಳಿದಿರಲಿ

ಮಳೆ ಹಿಡಿದು ಜೋಗ ತುಂಬಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೋಂಸ್ಟೇಗಳಿಗೆ ಫೋನ್ ಜಾಸ್ತಿ. ‘ವೆಬ್‌ಸೈಟ್ ಇದೆಯಾ?’ ಎಂದು ಕೇಳುವವರೂ ಇರುತ್ತಾರೆ. ಮಾಡಿಸೋಣ ಎಂದು ಪೇಟೆಗೆ ಹೋದರೆ ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್ ಎಂದು ಬರೆದ ಕೊಟೇಶನ್ ಕೈಗೆ ಬರುತ್ತದೆ. ಸುಮ್ನೆ ತಲೆಯಾಡಿಸಬೇಡಿ.

ಮೊದಲು ಎಷ್ಟು ಪುಟ ಬೇಕು ನೋಡಿ. ಒಂದೊಂದು ಪುಟ ಒಂದೊಂದು ವೆಬ್ ಪೇಜ್. ಒಂದೇ ಹೆಸರಿನಡಿ ಇರುವ ಪುಟಗಳೆಲ್ಲ ಸೇರಿ ವೆಬ್‌ಸೈಟ್. ಸೈಟಿನ ಹೆಸರು ಹೊಡೆದ ಕೂಡಲೇ ತೆರೆಯುವುದು ಹೋಮ್ ಪೇಜ್. ಬೇರೆ ಪುಟಗಳ ಹೆಸರಿರುವ ಸಾಲು ಮೆನು, ತಳದಲ್ಲಿರುವುದು ಫುಟರ್, ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುವುದು ಲಿಂಕ್. ಕೋಣೆ, ಊಟ, ದರ, ಬರುವ ದಾರಿ ಇಷ್ಟಕ್ಕೆ ನಾಲ್ಕೈದು ಪುಟ ಸಾಕು. ಹದಿನೈದು ಪುಟದ ಲೆಕ್ಕ ಕೊಟ್ಟರೆ, ಅಷ್ಟರಲ್ಲಿ ಏನು ತುಂಬುತ್ತೀರಿ ಎಂದು ಕೇಳಿ.

ಎರಡನೆಯದು ಡೊಮೇನ್, ಅಂದರೆ ಸೈಟಿನ ಹೆಸರು. ಜನ ಎಡವುವುದು ಇಲ್ಲೇ. ಡೊಮೇನನ್ನು ಒಂದು ಸಲ ಕೊಂಡರೆ ಮುಗಿಯುವುದಿಲ್ಲ. ವರ್ಷದ ಲೆಕ್ಕದಲ್ಲಿ ನೋಂದಾಯಿಸಬೇಕು, ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ. ನವೀಕರಣ ಮರೆತರೆ ಸ್ವಲ್ಪ ದಿನದ ಗಡುವಿನ ಬಳಿಕ ಹೆಸರು ಕೈತಪ್ಪುತ್ತದೆ, ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಸೈಟ್ ಮಾಡಿಕೊಡುವ ಹುಡುಗ ತನ್ನದೇ ಇಮೇಲ್ ಹಾಕಿ ನೋಂದಾಯಿಸಿ, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ನವೀಕರಣದ ನೆನಪೋಲೆ ಅವನಿಗೆ ಹೋಗುತ್ತದೆ, ನಿಮಗಲ್ಲ. ಹಾಗಾಗಿ ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ನಂಬರಿನಲ್ಲಿ ಇರಲಿ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಇದಕ್ಕೆ ಒಪ್ಪದವರ ಹತ್ತಿರ ಕೆಲಸ ಕೊಡಬೇಡಿ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಹೆಸರೂ ಸಿಗುತ್ತದೆ. ಖುಷಿಯ ವಿಷಯವೇ. ಆದರೆ ಹೊರರಾಜ್ಯದ ಅತಿಥಿಗೆ ಫೋನಿನಲ್ಲಿ ಹೇಳಿ ಬರೆಸಲು ‘ಡಾಟ್ ಇನ್’ ಸಲೀಸು.

ಮೂರನೆಯದು ಹೋಸ್ಟಿಂಗ್. ಡೊಮೇನ್ ಅಂಗಡಿಯ ಬೋರ್ಡಾದರೆ ಇದು ಮಳಿಗೆಯ ಬಾಡಿಗೆ. ಮಳಿಗೆ ಬದಲಿಸಿದರೂ ಬೋರ್ಡು ನಿಮ್ಮದೇ. ನಿಮ್ಮ ಪುಟಗಳು ಇರುವುದು ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಓಡುವ ಕಂಪ್ಯೂಟರಿನಲ್ಲಿ, ಅದೇ ಸರ್ವರ್. ಆಗುಂಬೆಯಲ್ಲಿ ಎರಡು ದಿನ ಕರೆಂಟ್ ಹೋದರೂ ಮುಂಬೈನವರಿಗೆ ನಿಮ್ಮ ಸೈಟ್ ತೆರೆಯುವುದು ಇದರಿಂದಲೇ. ಪ್ರತಿ ಸರ್ವರಿಗೂ ಐಪಿ ಅಡ್ರೆಸ್ ಎಂಬ ನಂಬರ್ ಇರುತ್ತದೆ. ಹೆಸರು ಹೊಡೆದಾಗ ಆ ನಂಬರ್ ಹುಡುಕಿಕೊಡುವ ವ್ಯವಸ್ಥೆ ಡಿಎನ್ಎಸ್. ಹೋಸ್ಟಿಂಗ್ ಬದಲಿಸಿದರೆ ಹೊಸ ನಂಬರ್ ಎಲ್ಲೆಡೆ ತಲುಪಲು ಒಂದೆರಡು ದಿನ ಹಿಡಿಯಬಹುದು, ಗಾಬರಿಯಾಗಬೇಡಿ.

ನಾಲ್ಕನೆಯದು ಎಸ್‌ಎಸ್‌ಎಲ್, ಅಂದರೆ ಅತಿಥಿಯ ಮೊಬೈಲಿಗೂ ನಿಮ್ಮ ಸೈಟಿಗೂ ನಡುವೆ ಓಡಾಡುವ ಮಾಹಿತಿಗೆ ಹಾಕುವ ಬೀಗ. ಇದು ಇದ್ದರೆ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುತ್ತದೆ. ಅತಿಥಿ ತುಂಬುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾಗುವುದಿಲ್ಲ. ಇಲ್ಲದಿದ್ದರೆ ‘ಸುರಕ್ಷಿತವಲ್ಲ’ ಎಂದು ಕ್ರೋಮ್ ಬ್ರೌಸರ್ 2018ರಿಂದ ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಇದೊಂದಕ್ಕೇ ಸಾವಿರಗಟ್ಟಲೆ ಬರೆದಿದ್ದರೆ ಚೌಕಾಸಿ ಮಾಡಿ.

ಇನ್ನು ಬರಹ ಮತ್ತು ಫೋಟೋ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಹಾಕಿದರೆ ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಎಲ್ಲ ಮೊಬೈಲಿನಲ್ಲೂ ಸರಿಯಾಗಿ ಕಾಣುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ಗೆ ಬದಲಿಸಿಯೇ ಕೊಡಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರ್ನಾಲ್ಕು ಎಂಬಿ ಇರುತ್ತದೆ. ಅದನ್ನು ಇನ್ನೂರು-ಮುನ್ನೂರು ಕೆಬಿಗೆ ಇಳಿಸಿ, ಇಲ್ಲದಿದ್ದರೆ ಪುಟ ತೆರೆಯಲು ತಡವಾಗುತ್ತದೆ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಯುರೋಪಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ತೆರೆದ ಜಗತ್ತಿನ ಮೊದಲ ವೆಬ್‌ಸೈಟ್‌ನಲ್ಲಿ ಬರೀ ಅಕ್ಷರ, ಲಿಂಕ್ ಅಷ್ಟೇ ಇದ್ದವು. ನಿಮ್ಮದು ಅಷ್ಟು ಬೋಳಾಗಿರಬೇಕಿಲ್ಲ. ಆದರೆ ಅತಿಥಿ ದಾರಿ ಹುಡುಕುವುದು ಘಾಟಿಯ ತಿರುವಿನಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಅಲ್ವಾ?

ಬಾಕಿ ಹಣ ಕೊಡುವ ಮೊದಲು ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಂದೊಂದೇ ಲಿಂಕ್ ಒತ್ತಿ ನೋಡಿ. ‘404’ ಎಂದು ಬಂದರೆ ಆ ವಿಳಾಸದಲ್ಲಿ ಪುಟವೇ ಇಲ್ಲ ಎಂದರ್ಥ. ಪುಟದ ಪೂರ್ತಿ ವಿಳಾಸಕ್ಕೆ ಯುಆರ್‌ಎಲ್ ಎನ್ನುತ್ತಾರೆ. ವಾಟ್ಸ್‌ಆ್ಯಪಿನಲ್ಲಿ ಹಂಚಿದ ಮೇಲೆ ಅದನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿಸಿ.