ಮರಿ ಜೆಸಿಬಿಯಲ್ಲಿ ಬೊಡ್ಡೆ ಬಿಡಿಸುವುದು

ಬೊಡ್ಡೆ, ಅಂದರೆ ಕೊಯ್ದ ಮೇಲೆ ಉಳಿಯುವ ಬುಡ, ಬೇರು ಸಮೇತ ತೆಗೆಸಬೇಕಿದ್ದರೆ, ಮರ ಕೊಯ್ಯುವವರು ಮನೆಗೆ ಬಂದಾಗ ಮೊದಲು ಹೇಳಬೇಕಾದ ಮಾತು ಇದು: "ಅಣ್ಣಾ, ನೆಲಕ್ಕೆ ಸಮ ಮಾಡಬೇಡಿ. ಸೊಂಟದಷ್ಟು ಎತ್ತರ ಬಿಡಿ." ಅವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಎಲ್ಲರೂ ನೀಟಾಗಿ ನೆಲಮಟ್ಟಕ್ಕೆ ಕೊಯ್ಯಿಸಿಬಿಟ್ಟು ಆಮೇಲೆ ನನಗೆ ಫೋನ್ ಮಾಡುತ್ತಾರೆ. ನೆಲಮಟ್ಟದ ಬೊಡ್ಡೆ ಬಿಡಿಸಲು ಹೋಗುವುದು ಬೋಳು ತಲೆಯವನ ಜುಟ್ಟು ಹಿಡಿಯಲು ಹೋದ ಹಾಗೆ.

ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಮೂರು ವರ್ಷದ ಹಿಂದೆ ಒಬ್ಬ ಕಾಂಟ್ರಾಕ್ಟರ್ ಹತ್ತಿರ ತುಕ್ಕು ಹಿಡಿದು ಬಿದ್ದಿದ್ದ ಗಾಡಿಯೊಂದನ್ನು ತಂದು ರಿಪೇರಿ ಮಾಡಿಕೊಂಡೆ. ಎರಡು ಚಕ್ರ, ಪಿಕಪ್ ಹಿಂದೆ ಸಿಕ್ಕಿಸಲು ಒಂದು ಉದ್ದ ಕಂಬಿ, 13 ಎಚ್‌ಪಿ ಪೆಟ್ರೋಲ್ ಎಂಜಿನ್, ಒಂದು ಸೀಟು, ಆರು ಲಿವರ್, ಮಡಚಿಕೊಂಡ ಒಂದು ಕೈ. ಬಕೆಟ್ ಒಂದಡಿ ಅಗಲ. ತೂಕ 600 ಕೆಜಿ ಆಸುಪಾಸು. ನನ್ನ ಭಾಮೈದ ಅದಕ್ಕೆ ಮರಿ ಜೆಸಿಬಿ ಅಂತ ಹೆಸರಿಟ್ಟ. ಈಗ ನಮ್ಮ ಬೀದಿಯಲ್ಲೆಲ್ಲ ಅದೇ ಹೆಸರು.

ದೊಡ್ಡ ಜೆಸಿಬಿ 7 ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದು ಬೊಡ್ಡೆಗೆ ಬಕೆಟ್ ಹಾಕಿ ಎಳೆದರೆ ಬೊಡ್ಡೆ ಗಾಡಿ ಹತ್ತಿರ ಬರುತ್ತದೆ. ಮರಿ ಎಳೆದರೆ ಗಾಡಿಯೇ ಬೊಡ್ಡೆ ಹತ್ತಿರ ಹೋಗುತ್ತದೆ. ಇಷ್ಟು ತಲೆಯಲ್ಲಿ ಕೂತರೆ ಅರ್ಧ ಕೆಲಸ ಕಲಿತ ಹಾಗೆ. ಸುತ್ತ ಮಣ್ಣು ಬಿಡಿಸಬೇಕು, ಬೇರು ಒಂದೊಂದಾಗಿ ಕಡಿಯಬೇಕು, ಕೊನೆಗೆ ಬೊಡ್ಡೆಯನ್ನು ಉರುಳಿಸಬೇಕು. ಇದರಲ್ಲಿ ಕಿತ್ತೆಸೆಯುವ ಮಾತೇ ಇಲ್ಲ. ಹಾಗಾದರೆ ದೊಡ್ಡದನ್ನೇ ಕರೆಸಬಾರದಾ ಅಂದರೆ, ಜಾಗ ಇದ್ದರೆ ಖಂಡಿತ ಕರೆಸಿ. 30/40 ಸೈಟಿನ ಹಿತ್ತಲಿಗೆ, ಐದಡಿ ಗೇಟಿನಲ್ಲಿ ಅದು ತೂರಲ್ಲ. ನಮ್ಮ ಮರಿ ತೂರುತ್ತದೆ.

ಗಾಡಿ ಇಳಿಸುವ ಮುಂಚೆ ಕಾಗದ ನೋಡಿ. ನಿಮ್ಮ ಕಾಂಪೌಂಡ್ ಒಳಗಿನ ಮರವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆ ತರಹದ ಕೆಲವಕ್ಕೆ ವಿನಾಯ್ತಿ ಇದೆ. ಮಳೆಗೆ ತಾನಾಗೇ ಬಿದ್ದ ಮರವಾದರೆ ಮುಟ್ಟುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಫುಟ್‌ಪಾತ್ ಮೇಲಿನ ಬೊಡ್ಡೆ ಪಾಲಿಕೆಯದು. ಎಷ್ಟೇ ಅಡ್ಡ ಬರುತ್ತಿದ್ದರೂ ನಾವು ಕೈ ಹಾಕುವ ಹಾಗಿಲ್ಲ.

ಇನ್ನು ನೆಲದೊಳಗಿನ ಪೈಪು. ಕಾವೇರಿ ಲೈನು, ಸ್ಯಾನಿಟರಿ, ಸಂಪಿನಿಂದ ಟ್ಯಾಂಕಿಗೆ ಹೋಗುವ ಪೈಪು, ಬೆಸ್ಕಾಂ ಕೇಬಲ್, ಈಚೆಗೆ ಕೆಲವು ಬಡಾವಣೆಗಳಲ್ಲಿ ಅಡುಗೆ ಗ್ಯಾಸ್ ಪೈಪು ಕೂಡ. ಮನೆ ಕಟ್ಟಿಸಿದವರನ್ನೇ ಕೇಳಿ. ಮೀಟರ್ ಎಲ್ಲಿದೆ, ಛೇಂಬರ್ ಎಲ್ಲಿದೆ ನೋಡಿ, ಮಧ್ಯೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಬೇರು ನೀರಿನ ಪಸೆ ಇರುವ ಕಡೆಗೇ ಬೆಳೆಯುತ್ತದೆ. ಜಾಯಿಂಟ್ ಸೋರುವ ಪೈಪು ಇದ್ದರೆ ಅದನ್ನು ತಬ್ಬಿಕೊಂಡಿರುತ್ತದೆ. ಜಾಲಹಳ್ಳಿ ಹತ್ತಿರ ಒಂದು ಮನೆಯಲ್ಲಿ ಮಣ್ಣು ಮೆತ್ತಿದ ಒಂದಿಂಚಿನ ಪಿವಿಸಿ ಪೈಪನ್ನು ನಾನು ಬೇರು ಅಂತ ತಿಳಿದು ಎಳೆದುಬಿಟ್ಟೆ. ಒಳಗೆ ಅಜ್ಜಿ ಅದೇ ಹೊತ್ತಿಗೆ ಮೋಟಾರ್ ಹಾಕಿದ್ದರು. ಗುಂಡಿಯಿಂದ ನೀರು ಚಿಮ್ಮಿದ್ದು ನೋಡಿ, "ಬೋರ್ ಹಾಕಿಸದೇನೇ ನೀರು ಬಂತಲ್ಲಪ್ಪ" ಅಂದರು. ಪೈಪು, ಎಲ್ಬೋ, ಪ್ಲಂಬರ್ ಕೂಲಿ ಎಲ್ಲ ನನ್ನ ಜೇಬಿನಿಂದ ಹೋಯಿತು. ಅವತ್ತಿನಿಂದ ಗೆರೆಯ ಎರಡೂ ಪಕ್ಕ ಒಂದೊಂದು ಅಡಿ ಗುದ್ದಲಿಯಲ್ಲೇ ಅಗೆಯುತ್ತೇನೆ. ಬೆಸ್ಕಾಂನ 1912, ಜಲಮಂಡಳಿಯ 1916 ಎರಡೂ ಫೋನಿನಲ್ಲಿ ಇಟ್ಟುಕೊಂಡಿರಿ.

ಒಂದೇ ಬೊಡ್ಡೆಯ ಕತೆ ಹೇಳುತ್ತೇನೆ, ಮಿಕ್ಕಿದ್ದೆಲ್ಲ ಅದರಲ್ಲೇ ಬರುತ್ತದೆ. ವಿದ್ಯಾರಣ್ಯಪುರದಲ್ಲಿ ನಮ್ಮಕ್ಕನ ಮನೆ. ಹಿತ್ತಲಲ್ಲಿ ಗುಲ್‌ಮೊಹರ್. ಮೇ ತಿಂಗಳ ಗಾಳಿಮಳೆಗೆ ಅದು ಅರ್ಧ ವಾಲಿ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಒರಗಿತ್ತು. ಒಂದು ಕಡೆ ಬೇರು ಮಣ್ಣಿನ ಸಮೇತ ತಟ್ಟೆಯ ಹಾಗೆ ಮೇಲೆದ್ದಿತ್ತು, ಕೆಳಗೆ ಗುಂಡಿ. ಅಕ್ಕನ ಮೊಮ್ಮಗ ಆ ಗುಂಡಿಯಲ್ಲಿ ಕೂತು ಆಡುತ್ತಿದ್ದ. ನನಗೆ ಎದೆ ಝಲ್ಲೆಂದಿತು. ಹೀಗೆ ವಾಲಿದ ಮರದ ಕಾಂಡ ಕೊಯ್ದ ತಕ್ಷಣ ಮೇಲಿನ ಭಾರ ಹೋಗುತ್ತದೆ. ಆಗ ಎದ್ದಿರುವ ಬೇರಿನ ತಟ್ಟೆ ಬಾಗಿಲು ಮುಚ್ಚಿದ ಹಾಗೆ ಗುಂಡಿಗೆ ವಾಪಸ್ ಬೀಳಬಹುದು. ಬಿದ್ದ ಮರದ ಗುಂಡಿಗೆ ಯಾರೂ ಇಳಿಯಬಾರದು. ಕೊಯ್ಯುವವನೂ ಆ ಕಡೆ ನಿಲ್ಲಬಾರದು. ಮೂರಡಿ ಬಿಟ್ಟು ಕೊಯ್ಯಿಸಿದೆವು. ತಟ್ಟೆ ಧಡ್ ಅಂತ ಕೂತಿತು.

ಹಿಂದಿನ ದಿನ ಸಂಜೆ ಬೊಡ್ಡೆಯ ಸುತ್ತ ಪಾತಿ ಮಾಡಿ ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟೆವು. ನಮ್ಮ ಬೆಂಗಳೂರಿನ ಕೆಂಪು ಮಣ್ಣು ಒಣಗಿದಾಗ ಇಟ್ಟಿಗೆ, ನೆಂದಾಗ ಅಂಟು. ಎರಡರ ಮಧ್ಯೆ ಹಿಡಿಯಬೇಕು. ಬೊಡ್ಡೆಯ ಸುತ್ತ ಮಾತ್ರ ನೆನೆಯಲಿ, ಗಾಡಿ ನಿಲ್ಲುವ ಜಾಗ ಒಣಗಿಯೇ ಇರಲಿ. ಅಲ್ಲಿ ನೆಂದರೆ ಊರುಗಾಲು (ಗಾಡಿ ಅಲ್ಲಾಡದ ಹಾಗೆ ಎರಡೂ ಪಕ್ಕ ನೆಲಕ್ಕೆ ಊರುವ ಕಾಲು) ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ. ಕಾಲಿನ ಕೆಳಗೆ ಹಳೇ ಸೆಂಟ್ರಿಂಗ್ ಹಲಗೆ ಹಾಕುವುದು ನನ್ನ ರೂಢಿ.

ಈ ಗಾಡಿ ತಾನಾಗೇ ಓಡಲ್ಲ. ಕೆಲಸದ ಜಾಗದಲ್ಲಿ ಸರಿಸಬೇಕಾದರೆ ಕಾಲು ಎತ್ತಿ, ಬಕೆಟ್ ನೆಲಕ್ಕೆ ಊರಿ, ತೆವಳುವ ಮಗುವಿನ ಹಾಗೆ ಎಳೆದುಕೊಂಡು ಹೋಗಬೇಕು. ಒಂದು ಕಡೆಯಿಂದ ಕೈ ತಿರುಗುವಷ್ಟು ಮಾತ್ರ ಅಗೆಯಲು ಆಗುವುದರಿಂದ, ಒಂದು ಬೊಡ್ಡೆಗೆ ಮೂರು ಕಡೆ ನಿಲ್ಲಿಸಬೇಕಾಗುತ್ತದೆ. ಆ ಮೂರು ಜಾಗ ಯಾವುದು, ಮಣ್ಣು ಎಲ್ಲಿ ಸುರಿಯಬೇಕು ಅನ್ನುವುದನ್ನು ಎಂಜಿನ್ ಶುರು ಮಾಡುವ ಮುಂಚೆಯೇ ನಡೆದಾಡಿ ನೋಡಿ. ಮೊದಲ ವರ್ಷ ನಾನು ಎರಡನೇ ಸಲ ನಿಲ್ಲಿಸಬೇಕಾದ ಜಾಗದಲ್ಲೇ ಮಣ್ಣು ಗುಡ್ಡೆ ಹಾಕಿ, ಆಮೇಲೆ ಬಾಂಡ್ಲಿಯಲ್ಲಿ ಹೊತ್ತಿದ್ದೇನೆ.

ಕೈ ಪೂರ್ತಿ ಚಾಚಿದರೆ ಅದಕ್ಕೆ ಬಲ ಇರಲ್ಲ. ಬೊಡ್ಡೆ ಅರ್ಧ ಚಾಚಿಗೆ ಸಿಗುವ ಹಾಗೆ ಗಾಡಿ ನಿಲ್ಲಿಸಿ. ಎರಡೂ ಕಾಲು ಊರಿ, ಚಕ್ರದ ಮೇಲಿನ ಭಾರ ಇಳಿಯುವವರೆಗೆ ಒತ್ತಿ. ಮಟ್ಟ ನೋಡಲು ಅರ್ಧ ತುಂಬಿದ ನೀರಿನ ಬಾಟಲಿಯನ್ನು ಸೀಟಿನ ಪಕ್ಕ ಅಡ್ಡ ಮಲಗಿಸುತ್ತೇನೆ. ನೀರು ಒಂದು ಕಡೆ ಓಡಿದರೆ ಆ ಕಡೆ ಕಾಲು ಇನ್ನೊಂದು ಸ್ವಲ್ಪ ಇಳಿಸಬೇಕು ಅಂತ.

ತೊಗಟೆಯಿಂದ ಎರಡಡಿ ದೂರದಲ್ಲಿ ಸುತ್ತ ಕಾಲುವೆ ತೆಗೆಯಿರಿ. ಒಂದೇ ಸಲ ಬಕೆಟ್ ತುಂಬಿಸುವ ಆಸೆ ಬೇಡ. ನಾಲ್ಕು ಬೆರಳು ದಪ್ಪ ಕೆರೆಯಿರಿ, ಸಾಕು. ಆಮೇಲೆ ಕಿವಿ ಕೊಡಿ. ಬರೀ ಮಣ್ಣಾದರೆ ಎಂಜಿನ್ ಒಂದೇ ಸಮ ಹಾಡುತ್ತಿರುತ್ತದೆ. ಬೇರು ಸಿಕ್ಕಿದ ಕೂಡಲೇ ದನಿ ಕುಗ್ಗುತ್ತದೆ, ಕೈ ನಿಲ್ಲುತ್ತದೆ, ಕೀ ಅಂತ ಸಣ್ಣ ಕೂಗು ಬರುತ್ತದೆ. ಅದು ರಿಲೀಫ್ ವಾಲ್ವ್. ಕೈ ನಡೆಸುವ ಪಂಪಿನ ಆಯಿಲ್‌ಗೆ ಹೋಗಲು ದಾರಿ ಇಲ್ಲದೆ ವಾಲ್ವಿನಿಂದ ವಾಪಸ್ ಓಡುತ್ತಿದೆ ಅಂತ ಅರ್ಥ. ಲಿವರ್ ಬಿಟ್ಟುಬಿಡಿ. ಹಟಕ್ಕೆ ಹಿಡಿದುಕೊಂಡೇ ಇದ್ದರೆ ಆಯಿಲ್ ಕಾಯುತ್ತದೆ, ಹೋಸ್ ಪೈಪು ಒಂದು ದಿನ ಬಾಯಿ ಬಿಡುತ್ತದೆ. ಅದು ಒಡೆದಾಗ ಬಿಸಿ ಆಯಿಲ್ ಎದುರಿಗಿದ್ದವರ ಮೇಲೇ ಹಾರುವುದು. ಸೋರಿಕೆ ಹುಡುಕಲು ಬರಿಗೈ ಆಡಿಸಲೇಬೇಡಿ, ಸಣ್ಣ ತೂತಿನಿಂದ ಬರುವ ಆಯಿಲ್ ಚರ್ಮದೊಳಗೇ ಹೊಕ್ಕಿಬಿಡುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಮಣಿಕಟ್ಟಿನ ದಪ್ಪದ ಬೇರನ್ನು ಮರಿಯೇ ಮುರಿಯುತ್ತದೆ. ಬಕೆಟ್ ಹಲ್ಲನ್ನು ಬೇರಿನ ಕೆಳಗೆ ತೂರಿಸಿ ಬಕೆಟ್ ಮಾತ್ರ ಮಡಚಿ. ಬೂಮ್, ಅಂದರೆ ಗಾಡಿಗೆ ಸೇರಿಕೊಂಡಿರುವ ಮೊದಲ ತೋಳು, ಎತ್ತಲು ಹೋಗಬೇಡಿ. ಈ ಪುಟ್ಟ ಗಾಡಿಯ ಬಲ ಎಲ್ಲ ಇರುವುದು ಆ ಮಡಚುವ ಸಿಲಿಂಡರ್‌ನಲ್ಲೇ. ಅಗಲ ಬಕೆಟ್ ಕಲ್ಲಿನ ಸಂದಿಗೆ ಹೋಗಲ್ಲ ಅಂತ ನಾನು ಲಾರಿಯ ಕಮಾನ್ ಪಟ್ಟಿಯಿಂದ ಒಂದೇ ಹಲ್ಲಿನ ಕೊಕ್ಕೆ ಮಾಡಿಕೊಂಡೆ. ಮೊದಲನೆಯದು ಬೆಸುಗೆ ಹಾಕಿದ ಅರ್ಧ ದಿನಕ್ಕೇ ಟಪ್ ಅಂತ ಬಿರಿಯಿತು. ಕಮಾನ್ ಪಟ್ಟಿ ಬಿರುಸಿನ ಉಕ್ಕು, ತಣ್ಣಗಿರುವಾಗ ಬೆಸೆದರೆ ಬಿರಿಯುತ್ತದೆ. ಇಪ್ಪತ್ತೈದು ವರ್ಷ ವೆಲ್ಡಿಂಗ್ ಮಾಡಿದವನು ಅದನ್ನು ಮರೆತಿದ್ದಕ್ಕೆ ಭಾಮೈದ ಇವತ್ತಿಗೂ ಆಡಿಕೊಳ್ಳುತ್ತಾನೆ. ಎರಡನೆಯದನ್ನು ಚೆನ್ನಾಗಿ ಕಾಯಿಸಿ ಬೆಸೆದು, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದೆ. ಇನ್ನೂ ಗಟ್ಟಿಯಾಗಿದೆ.

ಅದಕ್ಕಿಂತ ದಪ್ಪ ಬೇರು ಬಂದರೆ ಎಂಜಿನ್ ನಿಲ್ಲಿಸಿ, ಬಕೆಟ್ ನೆಲಕ್ಕೆ ಇಳಿಸಿ, ಕೆಳಗಿಳಿಯಿರಿ. ಪೈಪಿನಲ್ಲಿ ಬೇರನ್ನು ಬೆಳ್ಳಗಾಗುವವರೆಗೆ ತೊಳೆಯಿರಿ. ಮಣ್ಣಿರುವ ಬೇರಿಗೆ ಚೈನ್ ಸಾ ಇಟ್ಟರೆ ಒಂದು ನಿಮಿಷಕ್ಕೆ ಹಲ್ಲು ಮೊಂಡು. ಒಳ್ಳೆ ಕೊಡಲಿ ಇದ್ದರೆ ಅದೇ ಮೇಲು. ಎರಡು ಕಡೆ ಕಡಿದು, ಮಧ್ಯದ ಒಂದಡಿ ತುಂಡು ತೆಗೆದುಹಾಕಿ. ಒಂದೇ ಕಡೆ ಕಡಿದರೆ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಬೊಡ್ಡೆಯನ್ನು ಅಲ್ಲಾಡಲು ಬಿಡಲ್ಲ.

ಅಕ್ಕನ ಮನೆಯಲ್ಲಿ ಒಂದು ಬೇರು ಪಕ್ಕದ ಮನೆಯ ಕಾಂಪೌಂಡ್ ಕೆಳಗೆ ಹೋಗಿತ್ತು. ಅಂಥದ್ದನ್ನು ಎಳೆಯಬಾರದು. ಹಾಲೋ ಬ್ಲಾಕ್ ಗೋಡೆ ಬೇರಿನ ಜೊತೆ ಎದ್ದುಬಿಡುತ್ತದೆ. ಗೋಡೆಯಿಂದ ಒಂದಡಿ ಈಚೆಗೆ ಕೈಯಲ್ಲಿ ಕಡಿದು, ಆಚೆಯದನ್ನು ಹಾಗೇ ಬಿಟ್ಟೆವು. ಸಂಪಿನ ಗೋಡೆಗೂ ಇದೇ ಲೆಕ್ಕ. ಸಂಪು ಖಾಲಿ ಇದ್ದರಂತೂ ಹತ್ತಿರ ಅಗೆಯಲೇ ಬೇಡಿ, ಒಳಗೆ ನೀರಿನ ಒತ್ತು ಇಲ್ಲದೆ ಹೊರಗಿನ ಮಣ್ಣಿಗೆ ಗೋಡೆ ಬಿರುಕು ಬಿಡಬಹುದು.

ಸುತ್ತಲಿನ ಬೇರೆಲ್ಲ ಹೋದ ಮೇಲೆ, ಬಿಟ್ಟಿದ್ದ ಆ ಮೂರಡಿ ಕೆಲಸಕ್ಕೆ ಬರುತ್ತದೆ. ಬಕೆಟ್ ಬೆನ್ನನ್ನು ಬೊಡ್ಡೆಯ ತುದಿಗೆ ಒರಗಿಸಿ ಮೆಲ್ಲಗೆ ತಳ್ಳಿ, ಬಿಡಿ. ಮತ್ತೆ ತಳ್ಳಿ, ಬಿಡಿ. ಹಲ್ಲು ಅಲ್ಲಾಡಿಸಿ ನೋಡುವ ಹಾಗೆ. ಯಾವ ಕಡೆ ಮಣ್ಣು ಎದ್ದೇಳುತ್ತಿಲ್ಲವೋ ಅಲ್ಲಿ ಇನ್ನೂ ಒಂದು ಬೇರು ಹಿಡಿದುಕೊಂಡಿದೆ. ಅದನ್ನು ಹುಡುಕಿ. ವಾಲಿದಷ್ಟಕ್ಕೂ ಕೆಳಗೆ ಸೈಜ್ ಕಲ್ಲು ತೂರಿಸುತ್ತ ಬನ್ನಿ, ಕೈ ಬೇಡ, ಹಾರೆಯಲ್ಲಿ ತಳ್ಳಿ. ಗುಲ್‌ಮೊಹರ್‌ನ ಬೇರು ಮೇಲೇ ಹರಡಿರುವುದರಿಂದ ಇಷ್ಟರಲ್ಲೇ ಮಗುಚಿತು. ಮಾವು, ಹಲಸು, ಬೇವು ಆದರೆ ಕೆಳಗೆ ತಾಯಿ ಬೇರು ಇರಬಹುದು. ಬೊಡ್ಡೆ ವಾಲಿಸಿಕೊಂಡು, ಪಕ್ಕದಿಂದ ಇಳಿಜಾರು ತೋಡಿ ಅದನ್ನು ಕಡಿಯಬೇಕು. ತೆಂಗಿಗೆ ತಾಯಿ ಬೇರೇ ಇಲ್ಲ, ಬೆರಳು ಗಾತ್ರದ ಬೇರಿನ ದೊಡ್ಡ ಕಂತೆ. ಅದು ಈ ಗಾಡಿಗೆ ಹಬ್ಬ. ನೀಲಗಿರಿ ಬೊಡ್ಡೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಪೂರ್ತಿ ತೆಗೆಯಲೇಬೇಕು. ದೊಡ್ಡ ಮಳೆಮರ ಅಂದರೆ ನಾನು ಕೈ ಮುಗಿದು ವಾಪಸ್ ಬರುತ್ತೇನೆ.

ಮಗುಚಿದ ಬೊಡ್ಡೆಯನ್ನು ಎತ್ತಲು ಹೋಗಬೇಡಿ. ಎರಡಡಿ ಅಗಲ, ಮೂರಡಿ ಎತ್ತರದ ಹಸಿ ಮರ ಅಂದರೆ ಬೇರು, ಮಣ್ಣು ಬಿಟ್ಟೇ ಕಾಲು ಟನ್. ಒಂದು ಸಲ ಸರಪಳಿ ಹಾಕಿ ಎತ್ತಿದೆ. ಬೊಡ್ಡೆ ಗುಂಡಿಯಲ್ಲೇ ಇತ್ತು, ನಾನು ಸೀಟಿನ ಸಮೇತ ಮೇಲೆ ಹೋದೆ. ಮಣ್ಣು ತೊಳೆದು, ಅಲ್ಲೇ ಎರಡು ಮೂರು ತುಂಡು ಮಾಡಿ, ಗುಂಡಿಯ ಒಂದು ಕಡೆ ಇಳಿಜಾರು ಮಾಡಿ ಹಲಗೆ ಮೇಲೆ ಉರುಳಿಸಿ. ಅಕ್ಕನ ಮನೆಯದಕ್ಕೆ ಊಟದ ಹೊತ್ತು ಬಿಟ್ಟು ಐದೂವರೆ ಗಂಟೆ ಹಿಡಿಯಿತು. ನಡುವೆ ಎರಡು ಸಲ ಪಿನ್‌ಗಳಿಗೆಲ್ಲ ಗ್ರೀಸ್ ಹೊಡೆದೆ.

ಗುಂಡಿ ಮುಚ್ಚುವುದನ್ನು ಎಲ್ಲರೂ ಅವಸರದಲ್ಲಿ ಮಾಡುತ್ತಾರೆ. ಬೇರಿನ ಚೂರು ಸಿಕ್ಕಷ್ಟು ಆರಿಸಿ ತೆಗೆಯಿರಿ, ಮನೆ ಪಕ್ಕ ಅದು ಗೆದ್ದಲಿಗೆ ಊಟ. ಮಣ್ಣನ್ನು ಮುಕ್ಕಾಲು ಅಡಿ ಮುಕ್ಕಾಲು ಅಡಿಯಾಗಿ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿ. ಬೊಡ್ಡೆಯಷ್ಟು ಮಣ್ಣು ಕಡಿಮೆ ಬೀಳುತ್ತದೆ, ಅರ್ಧ ಲೋಡ್ ಹೊರಗಿನಿಂದ ತರಿಸಬೇಕಾಗಬಹುದು. ಆ ಜಾಗದಲ್ಲಿ ಮುಂದೆ ಪಿಲ್ಲರ್ ಬರುವುದಾದರೆ ಎಂಜಿನಿಯರ್‌ಗೆ ಗುಂಡಿಯ ಅಳತೆ ಬರೆದುಕೊಡಿ. ತುಂಬಿದ ಮಣ್ಣಿನ ಮೇಲೆ ಫುಟಿಂಗ್ (ಪಿಲ್ಲರಿನ ಅಡಿಪಾಯ) ಕೂರಿಸುವ ಹಾಗಿಲ್ಲ. ಮೇಲೆ ಒಂದು ಗೇಣು ಉಬ್ಬು ಬಿಟ್ಟಿರಿ, ಒಂದು ಮಳೆಗಾಲಕ್ಕೆ ಕೂರುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಕಾರು ನಿಲ್ಲಿಸಬೇಡಿ.